ಕಣ್ಣಿಗೆ ಕಾಣುವ ಸದ್ದು

ಸದ್ದು ಕಿವಿಯ ಪಾಲು, ಬಣ್ಣ ಕಣ್ಣಿನ ಪಾಲು ಎಂದು ಸೃಷ್ಟಿಕರ್ತನು ಹಂಚಿಕೊಟ್ಟ ಆಸ್ತಿಯನ್ನು ಯಂತ್ರಗಳು ಒಪ್ಪಿಕೊಂಡಂತೆ ಕಾಣುವುದಿಲ್ಲ. ಜೇಬಿನಲ್ಲಿ ಹಿಡಿಸುವ ಹಾಡಿನ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಒಂದು ಚಾಳಿಯುಂಟು. ಹಾಡು ನಡೆಯುವಷ್ಟು ಹೊತ್ತೂ ಅವುಗಳ ಪರದೆಯ ಮೇಲೆ ಎರಡು ಪಟ್ಟಿಗಳು ಕುಣಿಯುತ್ತಿರುತ್ತವೆ. ಒಂದು ಎಡಗಿವಿಯದು, ಇನ್ನೊಂದು ಬಲಗಿವಿಯದು. ದನಿ ಏರಿದರೆ ಉದ್ದವಾಗುತ್ತವೆ, ಇಳಿದರೆ ಮುದುಡುತ್ತವೆ. ಕೇಳುವುದಕ್ಕೆ ಕಿವಿಯಿರುವಾಗ ಇದನ್ನು ನೋಡುವುದಾದರೂ ಏಕೆ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ.

ಈ ಪಟ್ಟಿಗಳದು ಒಳ್ಳೆಯ ಮನೆತನ. 1939ರಲ್ಲಿ ಅಮೆರಿಕದ ರೇಡಿಯೋ ಕಂಪನಿಗಳೂ ಬೆಲ್ ಪ್ರಯೋಗಶಾಲೆಯೂ ಕೂಡಿ ವಿ. ಯು. ಮೀಟರ್ ಎಂಬ ಮಾಪಕವನ್ನು ಗೊತ್ತುಮಾಡಿದವು. ಅದರ ಮುಳ್ಳು ತನ್ನ ಜಾಗವನ್ನು ಮುಟ್ಟಲು ಸೆಕೆಂಡಿನ ಹತ್ತರಲ್ಲಿ ಮೂರು ಪಾಲು ಹೊತ್ತು ಬೇಕು. ಇದು ಸೋಮಾರಿತನವಲ್ಲ, ದನಿಯ ಒಂದೊಂದು ಮಿಡಿತಕ್ಕೂ ಹಾರುವ ಮುಳ್ಳನ್ನು ಮನುಷ್ಯನ ಕಣ್ಣು ಓದಲಾರದೆಂದು ಬೇಕೆಂದೇ ಮಾಡಿದ ನಿಧಾನ. ಪ್ರಸಾರವಾಗುವ ದನಿ ಯಂತ್ರದ ಮಿತಿಯನ್ನು ಮೀರಿ ಒಡೆದುಹೋಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಇಂದಿನ ಪಟ್ಟಿಗಳು ಆ ಮುಳ್ಳಿನ ಮೊಮ್ಮಕ್ಕಳು.

ನಮ್ಮ ಕಂದಿಕೆರೆಯವರಿಗಾದರೋ ಸದ್ದನ್ನು ತೂಗಿನೋಡುವುದು ಹೊಸ ವಿದ್ಯೆಯೇನಲ್ಲ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಕರಟದಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೇ ಇಲ್ಲವೇ ಎಂದು ಕಾಯಿಯನ್ನು ಒಡೆದು ನೋಡುವಂತಿಲ್ಲ; ಕಿವಿಯ ಬಳಿ ಹಿಡಿದು ಅಲ್ಲಾಡಿಸಬೇಕು. ನೀರು ಉಳಿದಿದ್ದರೆ ಲೊಳಕ್ಕೆನ್ನುತ್ತದೆ, ಉಂಡೆ ಕಟ್ಟಿದ್ದರೆ ಗಡಗಡನೆನ್ನುತ್ತದೆ. ಇವೆರಡರ ನಡುವೆ ಇನ್ನೂ ಹತ್ತಾರು ದನಿಗಳಿವೆಯೆಂದು ನನ್ನ ದೊಡ್ಡಪ್ಪ ಹೇಳುತ್ತಿದ್ದರು. ಅಟ್ಟದ ಕತ್ತಲೆಯಲ್ಲಿ ಕುಳಿತು, ಒಂದೊಂದೇ ಕಾಯಿಯನ್ನು ಅಲ್ಲಾಡಿಸಿ, “ಇದು ಆಯ್ತು, ಇದಕ್ಕಿನ್ನೂ ಒಂದು ತಿಂಗಳು ಬೇಕು” ಎಂದು ಬೇರೆಮಾಡುತ್ತಿದ್ದರು. ಅವರ ತೀರ್ಪಿಗೆ ಮೇಲ್ಮನವಿಯಿರಲಿಲ್ಲ.

ಅಂಥ ಕಿವಿ ಕೆಲವು ವರ್ಷಗಳ ಹಿಂದೆ ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ಹಣ್ಣಾಗುವ ಕೂದಲು ಕನ್ನಡಿಯಲ್ಲಿ ಕಾಣುತ್ತದೆ. ಮುದಿಯಾಗುವ ಕಿವಿಗೆ ಕನ್ನಡಿಯಿಲ್ಲ. ದೊಡ್ಡಪ್ಪನವರು ಮೊದಮೊದಲು ಕಾಯಿಗಳನ್ನೇ ದೂರಿದರು. “ಈ ವರ್ಷದ ಕಾಯಿಗೆ ದನಿಯೇ ಇಲ್ಲ ಕಣಯ್ಯ, ಮಳೆ ಸರಿಯಾಗಲಿಲ್ಲ ನೋಡು” ಎಂದರು. ಮರುವರ್ಷ ಮಳೆ ಚೆನ್ನಾಗಿಯೇ ಆಯಿತು. ದನಿ ಮಾತ್ರ ಬರಲಿಲ್ಲ. ಆಮೇಲೆ ಅವರು ಅಟ್ಟ ಹತ್ತುವುದನ್ನು ಬಿಟ್ಟರು. ಮಂಡಿನೋವು ಎಂದು ಮನೆಯವರಿಗೆ ಹೇಳಿದರು. ಯಾರೂ ಎದುರಾಡಲಿಲ್ಲ.

ಹೋದ ದೀಪಾವಳಿಗೆ ಅವರ ಮೊಮ್ಮಗ ಬೆಂಗಳೂರಿನಿಂದ ಬಂದಿದ್ದ. ಅವನ ಕಿವಿಯಿಂದ ಎರಡು ತಂತಿಗಳು ಸದಾ ಇಳಿಬಿದ್ದಿರುತ್ತವೆ. ಅವನ ಹಾಡಿನ ಪೆಟ್ಟಿಗೆಯಲ್ಲಿ, ಸ್ವಯಂಸೇವಕರು ಸೇರಿ ಬರೆದ ರಾಕ್‌ಬಾಕ್ಸ್ ಎಂಬ ತಂತ್ರಾಂಶವಿತ್ತು. ನಾನು ಮೊದಲು ಹೇಳಿದ ಪಟ್ಟಿಗಳು ಅದರ ಕೊಡುಗೆ. ದೊಡ್ಡಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಹುಡುಗ ಒಂದು ಭಾಷಣ ಹಾಕಿದ, ಅನಂತರ ಒಂದು ಕಚೇರಿ ಹಾಕಿದ. ಯಾವುದೆಂದು ಹೇಳಲಿಲ್ಲ.

“ಮೊದಲನೇದು ಮಾತು. ಇದು ಸಂಗೀತ, ತಂಬೂರಿ ಇದೆ” ಎಂದರು ದೊಡ್ಡಪ್ಪ.

ನಾನು ಬೆರಗಾಗಿ ಅವರ ಕಿವಿಯ ಹತ್ತಿರ ಬಾಯಿಟ್ಟು, ಹೇಗೆ ತಿಳಿಯಿತೆಂದು ಕೂಗಿ ಕೇಳಿದೆ. “ಮಾತಾಡೋವಾಗ ನಡುವೆ ನಡುವೆ ಪಟ್ಟಿ ಪೂರ್ತಾ ನೆಲಕ್ಕೆ ಬೀಳ್ತದೆ. ಇದರಲ್ಲಿ ಪಾಡೋನು ಉಸಿರು ತಗೊಂಡರೂ ಅಷ್ಟಿಷ್ಟು ನಿಂತೇ ಇರ್ತದೆ. ಕೆಳಗೆ ಯಾರೋ ಹಿಡಿದುಕೊಂಡಿದ್ದಾರೆ” ಎಂದರು. ಕಾಯಿ ಅಲ್ಲಾಡಿಸಿದ ಅದೇ ಗಮನ ಈಗ ಕಣ್ಣಿಗೆ ಬಂದು ಕುಳಿತಿತ್ತು. ರಾಗ ಯಾವುದೆಂದು ಹುಡುಗ ಕೇಳಿದಾಗ ಮಾತ್ರ ನಕ್ಕು ತಲೆಯಾಡಿಸಿದರು. ಅಷ್ಟನ್ನು ಪಟ್ಟಿ ಹೇಳಲಾರದು.

ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ: “ಲೋ ಮಗಾ, ನಿನ್ನ ಕಿವಿಗೆ ಎಷ್ಟು ಹೋಗ್ತಿದೆ ಅಂತ ಇದು ಹೇಳ್ತದೇನೋ?”

ಹುಡುಗ ದನಿಯನ್ನು ಪೂರ್ತಿ ತಗ್ಗಿಸಿದ, ಬಳಿಕ ಏರಿಸಿದ. ಪಟ್ಟಿಗಳು ಎಂದಿನಂತೆಯೇ ಕುಣಿಯುತ್ತಿದ್ದವು. ಅವು ಅಳೆಯುತ್ತಿದ್ದುದು ಹಾಡಿನೊಳಗಿನ ಏರಿಳಿತವನ್ನೇ ಹೊರತು ಕಿವಿಯೊಳಕ್ಕೆ ಬೀಳುತ್ತಿದ್ದ ಪೆಟ್ಟನ್ನಲ್ಲ.

ಅಳೆಯಬೇಕಾದುದಂತೂ ಆ ಪೆಟ್ಟನ್ನೇ. ವಯಸ್ಕರು ವಾರಕ್ಕೆ 40 ಗಂಟೆಯಷ್ಟು ಕಾಲ 80 ಡೆಸಿಬಲ್‌ವರೆಗಿನ ದನಿಯನ್ನು ಕೇಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಡೆಸಿಬಲ್ಲಿನ ಲೆಕ್ಕ ನಮ್ಮ ಅಂಗಡಿಯ ಲೆಕ್ಕದಂತಲ್ಲ. ಮೂರು ಡೆಸಿಬಲ್ ಏರಿದರೆ ಶಕ್ತಿ ಇಮ್ಮಡಿ, ಹತ್ತು ಏರಿದರೆ ಹತ್ತುಮಡಿ. ಆದುದರಿಂದ 90 ಡೆಸಿಬಲ್ಲಿಗೆ ಏರಿಸಿದವನ ವಾರದ ಪಡಿ 40 ಗಂಟೆಯಿಂದ 4 ಗಂಟೆಗೆ ಇಳಿಯುತ್ತದೆ. ಬೆಂಗಳೂರಿನ ಬಸ್ಸಿನ ಗದ್ದಲವನ್ನು ಮುಚ್ಚಲು ಹಾಡನ್ನು ಏರಿಸುವ ಹುಡುಗನಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಕಿವಿ ಜೋರಿಗೆ ಬಲು ಬೇಗ ಒಗ್ಗಿಕೊಳ್ಳುತ್ತದೆ. ಒಗ್ಗಿದ ಮೇಲೆ ಅದೇ ಹದವೆಂದು ಸಾಕ್ಷಿ ಹೇಳುತ್ತದೆ. ಒಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ಯಂತ್ರ ಕಣ್ಣಿಗೆ ಲೆಕ್ಕ ಒಪ್ಪಿಸಬೇಕಾದುದು ಇಲ್ಲಿಯೇ. ಹಾಡು ಸೊಗಸೋ ಅಲ್ಲವೋ ಎಂಬುದಕ್ಕೆ ಕಿವಿಯೇ ನ್ಯಾಯಾಧೀಶ; ಆದರೆ ತನಗೇ ಆಗುವ ಪೆಟ್ಟಿನ ವಿಚಾರದಲ್ಲಿ ಅದರ ಮಾತನ್ನು ನಂಬುವಂತಿಲ್ಲ. 2020ರಿಂದ ಐಫೋನುಗಳಲ್ಲಿ, ಹೊಂದುವ ಇಯರ್‌ಫೋನ್ ಇದ್ದರೆ, ಕಿವಿಗೆ ಹೋಗುವ ದನಿಯ ಡೆಸಿಬಲ್ ಲೆಕ್ಕವನ್ನು ಕೇಳುತ್ತಿರುವಾಗಲೇ ತೋರಿಸುವ ಏರ್ಪಾಡಿದೆ. ಹಾಡಿನ ಪೆಟ್ಟಿಗೆಗಳನ್ನು ಮಾಡುವವರೆಲ್ಲರೂ ಕುಣಿಯುವ ಎರಡು ಪಟ್ಟಿಗಳ ಪಕ್ಕದಲ್ಲಿ ಈ ಮೂರನೆಯದಕ್ಕೂ ಒಂದಿಷ್ಟು ಜಾಗ ಬಿಟ್ಟರೆ ದೊಡ್ಡ ಉಪಕಾರವಾದೀತು. ಅಟ್ಟದ ಮೇಲೆ ಈ ವರ್ಷದ ಕಾಯಿ ಕಾದಿದೆ. ಅಲ್ಲಾಡಿಸಿ ನೋಡಲು ನಮ್ಮ ಮನೆಯಲ್ಲಿ ಉಳಿದಿರುವ ಎಳೆಯ ಕಿವಿ ಆ ಹುಡುಗನದೊಂದೇ.