ಇಲಿಯನ್ನಿನ ಬೀಗ

ನ್ಯೂಯಾರ್ಕ್ ರಾಜ್ಯದ ಇಲಿಯನ್ ಪುಟ್ಟ ಊರು, ರೆಮಿಂಗ್ಟನ್ ಬಂದೂಕಿನ ತವರು. 2024ರ ಮಾರ್ಚ್‌ನಲ್ಲಿ ಅಲ್ಲಿನ ರೆಮಿಂಗ್ಟನ್ ಕಾರ್ಖಾನೆಗೆ ಬೀಗ ಬಿತ್ತು, ಕಂಪನಿ ಜಾರ್ಜಿಯಾ ಸೇರಿತು.

ನ್ಯೂಯಾರ್ಕಿನ ಕಠಿಣ ಬಂದೂಕು ಕಾನೂನೇ ಅದನ್ನು ಓಡಿಸಿತು ಅನ್ನುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. 2018ರಲ್ಲಿ, ಮತ್ತೆ 2020ರಲ್ಲಿ ಹಳೆಯ ಮಾಲೀಕ ಕಂಪನಿ ದಿವಾಳಿ ಎದ್ದಿತ್ತು. ಇನ್ನೊಂದು ಬಂದೂಕು ಕಂಪನಿ ಸ್ಮಿತ್ ಆ್ಯಂಡ್ ವೆಸನ್ ಮಾತು ಬೇರೆ: ಕೆಲವು ಬಗೆಯ ಬಂದೂಕು ತಯಾರಿಸುವುದನ್ನೇ ನಿಷೇಧಿಸುವ ಮಸೂದೆ ಮ್ಯಾಸಚೂಸೆಟ್ಸ್‌ನಲ್ಲಿ ಬಂದಾಗ, 2021ರಲ್ಲಿ ಆ ಕಂಪನಿ ಟೆನೆಸ್ಸಿಗೆ ಹೊರಡುವುದಾಗಿ ಸಾರಿತು. ತಯಾರಿಕೆಗೇ ಕುತ್ತು ಬಂದರೆ ಯಾವ ಕಂಪನಿಯಾದರೂ ಹೋಗುತ್ತದೆ, ಹೋಗಲಿ.

ಆದರೆ ಮಾರಾಟದ ಕಾನೂನಿಗೆ ಹೆದರಿ ಊರು ಬಿಟ್ಟರೆ ಏನು ಬದಲಾಗುತ್ತದೆ? ಜಾರ್ಜಿಯಾದಲ್ಲಿ ಮಾಡಿದ ಬಂದೂಕಿಗೂ ನ್ಯೂಯಾರ್ಕ್ ಅಂಗಡಿಯಲ್ಲಿ ನ್ಯೂಯಾರ್ಕಿನದೇ ಕಾನೂನು. ಆ ಕಾನೂನು ಬಿಗಿಯಾದದ್ದು 2013ರ ಜನವರಿಯಲ್ಲಿ, ಪಕ್ಕದ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು ಗುಂಡಿಗೆ ಬಲಿಯಾದ ಮರುತಿಂಗಳು. ಕಾರ್ಖಾನೆ ಹೋಗುತ್ತದೆಂದು ಅದನ್ನು ಸಡಿಲಿಸಬಾರದು. ಅಪ್ಪ, ಅಜ್ಜ ದುಡಿದ ಲೇತ್ ಮುಂದೆ ತಾನೂ ನಿಂತ ಕಾರ್ಮಿಕನಿಗಂತೂ ಸರ್ಕಾರ ಇನ್ನೊಂದು ಕೆಲಸ ಹುಡುಕಿಕೊಡಲೇಬೇಕು.