ಮಾರ್ಷಲ್ ಮತ್ತು ಅವನ ಮೂರು ಹೆಸರುಗಳು

ಪೋಲೆಂಡಿನ ಮಾರ್ಷಲ್ ಎಡ್ವರ್ಡ್ ರಿಡ್ಜ್-ಶ್ಮಿಗ್ಲಿಯ ಬದುಕಿನ ಕಡೆಯ ಎರಡು ವರ್ಷಗಳು ಬಹುಕಾಲದಿಂದ ನನ್ನನ್ನು ಕಾಡುತ್ತಿವೆ. ಅವನನ್ನು ಯಾವ ಹೆಸರಿನಿಂದ ನೆನೆಯಬೇಕು ಎಂಬುದೇ ನನ್ನ ಪ್ರಶ್ನೆ.

ಮೊದಲ ಹೆಸರು ರಿಡ್ಜ್. ಪೋಲಿಷ್ ಭಾಷೆಯಲ್ಲಿ ಅದು ಒಂದು ಬಗೆಯ ಅಣಬೆಯ ಹೆಸರು. ಅವನು 1886ರಲ್ಲಿ ಹುಟ್ಟಿದ್ದು ಆಸ್ಟ್ರಿಯಾದ ಆಳ್ವಿಕೆಗೆ ಒಳಪಟ್ಟಿದ್ದ ಗಲೀಸಿಯಾದಲ್ಲಿ. ಎಳವೆಯಲ್ಲೇ ಅನಾಥನಾದ ಆತ ಕ್ರಾಕೋವ್ ನಗರದ ಲಲಿತಕಲಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತ. ಮೂರು ಸಾಮ್ರಾಜ್ಯಗಳು ಹಂಚಿಕೊಂಡಿದ್ದ ಪೋಲೆಂಡ್ ಆಗ ಭೂಪಟದಲ್ಲೇ ಇರಲಿಲ್ಲ.

ಪಿಲ್ಸುಡ್‌ಸ್ಕಿಯ ಅನುಯಾಯಿಗಳ ಗುಪ್ತ ಸಂಘಟನೆಯನ್ನು ಸೇರಿದಾಗ 'ಶ್ಮಿಗ್ಲಿ', ಅಂದರೆ ಚುರುಕಾದವನು, ಎಂಬ ಎರಡನೆಯ ಹೆಸರು ಬಂದಿತು. 1920ರ ಮೇ ತಿಂಗಳಲ್ಲಿ ಅವನ ಪಡೆಗಳು ಕೀವ್ ನಗರವನ್ನು ಪ್ರವೇಶಿಸಿದವು. 1935ರಲ್ಲಿ ಪಿಲ್ಸುಡ್‌ಸ್ಕಿ ತೀರಿಕೊಂಡ ಮೇಲೆ ಸೈನ್ಯದ ಹೊಣೆ ಇವನದಾಯಿತು. ಮರುವರ್ಷ ಮಾರ್ಷಲ್ ಪದವಿ ದೊರೆಯಿತು. ರಾಷ್ಟ್ರಾಧ್ಯಕ್ಷನ ಅನಂತರದ ಸ್ಥಾನ ಇವನದೆಂದು ಸರ್ಕಾರವೇ ಸುತ್ತೋಲೆ ಹೊರಡಿಸಿತು. ಇವನ ಆಶ್ರಯದಲ್ಲಿ 1937ರಲ್ಲಿ ಹುಟ್ಟಿದ ರಾಜಕೀಯ ಸಂಘಟನೆ ಯಹೂದಿಗಳನ್ನು ಹೊರಗಿಟ್ಟಿತೆಂಬುದನ್ನು ಮರೆಯಲಾಗದು. ಚಿತ್ರ ಬರೆಯಲು ಕಲಿತಿದ್ದವನು ಈಗ ಪ್ರಚಾರದ ಭಿತ್ತಿಪತ್ರಗಳಲ್ಲಿ ತಾನೇ ಚಿತ್ರವಾದ.

1939ರ ಸೆಪ್ಟೆಂಬರ್ 1ರಂದು ಜರ್ಮನಿ, 17ರಂದು ಸೋವಿಯತ್ ಒಕ್ಕೂಟ ಪೋಲೆಂಡಿನ ಮೇಲೆ ಎರಗಿದವು. 17ರ ರಾತ್ರಿ ಮಾರ್ಷಲ್ ಗಡಿ ದಾಟಿ ರುಮೇನಿಯಾ ಸೇರಿದ. ವಾರ್ಸಾ ನಗರ ಇನ್ನೂ ಹೋರಾಡುತ್ತಿತ್ತು. ಫ್ರಾನ್ಸಿನಲ್ಲಿ ಸೈನ್ಯವನ್ನು ಮರಳಿ ಕಟ್ಟುವುದಕ್ಕಾಗಿ ಹೋದ ಎಂದರು ಕೆಲವರು. ಸೈನಿಕರನ್ನು ನಡುನೀರಿನಲ್ಲಿ ಕೈಬಿಟ್ಟ ಎಂದರು ಹಲವರು.

ರುಮೇನಿಯಾದ ಬಂಧನದಿಂದ 1940ರ ಡಿಸೆಂಬರಿನಲ್ಲಿ ತಪ್ಪಿಸಿಕೊಂಡು ಹಂಗೇರಿಗೆ ಹೋದ ಅವನು, 1941ರ ಅಕ್ಟೋಬರಿನಲ್ಲಿ ನಾತ್ಸಿಗಳ ಹಿಡಿತದಲ್ಲಿದ್ದ ವಾರ್ಸಾಕ್ಕೆ ಗುಟ್ಟಾಗಿ ಮರಳಿದ. ಅಲ್ಲಿ ಅವನಿಗೆ ಅಧಿಕಾರವಿರಲಿಲ್ಲ, ಸೈನ್ಯವಿರಲಿಲ್ಲ. ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ 55 ವರ್ಷ. ಪೊವೊಂಜ್‌ಕಿ ಸ್ಮಶಾನದಲ್ಲಿ ಅವನನ್ನು ಹೂಳಿದ್ದು ಆಡಮ್ ಜವೀಶಾ ಎಂಬ ಹುಸಿ ಹೆಸರಿನಲ್ಲಿ. ಅದು ಮೂರನೆಯ ಹೆಸರು.

ಒಂದೇ ನಯವನ್ನು ಹಿಡಿದು ಉಳಿದವನ್ನು ಅಲ್ಲಗಳೆದರೆ ಅದು ದುರ್ನಯವೆನ್ನುತ್ತದೆ ಜೈನ ತರ್ಕ. ಗಡಿ ದಾಟಿದ ರಾತ್ರಿಯೊಂದನ್ನೇ ನೋಡಿದರೆ ಅವನು ಪಲಾಯನಗೈದವನು; ಮರಳಿದ್ದನ್ನಷ್ಟೇ ನೋಡಿದರೆ ಪ್ರಾಯಶ್ಚಿತ್ತ ಮಾಡಿಕೊಂಡವನು. ಮರಳಿ ಬಂದದ್ದು ಹೋದದ್ದನ್ನು ಅಳಿಸಲಾರದು. ಹೋದದ್ದು ಮರಳಿದ್ದನ್ನು ಸುಳ್ಳಾಗಿಸಲಾರದು. ಚರಿತ್ರೆಯ ವಿದ್ಯಾರ್ಥಿ ತೀರ್ಪು ಕೊಡಬಾರದೆಂದು ಇದರರ್ಥವಲ್ಲ. ತೀರ್ಪಿಗೆ ಮುನ್ನ ಮೂರೂ ಹೆಸರುಗಳನ್ನು ಕೂಗಿ ಕರೆಯಬೇಕು, ಅಷ್ಟೆ.