ಬಯಲಿನಲ್ಲಿ ಎರಡು ರಾತ್ರಿ

ಮನೆಮಂದಿಯೆಲ್ಲ ಒಟ್ಟಾಗಿ ಊರಾಚೆಯ ಬಯಲಿನಲ್ಲಿ ಡೇರೆ ಹಾಕಿ ಮಲಗುವುದೆಂದರೆ ನಮ್ಮ ಯಾದಗಿರಿಯ ಕಡೆ ಈಗಲೂ ಜನ ಹುಬ್ಬೇರಿಸುತ್ತಾರೆ. ಪ್ರವಾಸವೆಂದರೆ ಪುಣ್ಯಕ್ಷೇತ್ರ, ಅಣೆಕಟ್ಟು, ಇಲ್ಲವೇ ಬಂಧುಗಳ ಮನೆ. ಹೊಲದಲ್ಲಿ ಮಲಗುವುದಕ್ಕೆ ಪ್ರವಾಸವೇಕೆ ಎಂಬುದು ಅವರ ಪ್ರಶ್ನೆ. ಆದರೆ ಕುವೈತಿನಲ್ಲಿ ದುಡಿಯುತ್ತಿರುವ ನನ್ನ ತಮ್ಮನ ಮಕ್ಕಳಿಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಅಲ್ಲಿ ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಮರಳುಗಾಡಿನಲ್ಲಿ ಡೇರೆ ಹಾಕಲು ಸರಕಾರವೇ ಕಾಲವನ್ನು ಗೊತ್ತುಮಾಡಿದೆ; ಆ ದಿನಗಳಲ್ಲಿ ಸಂಸಾರಗಳು ದೊಡ್ಡ ಗಾಡಿಗಳಲ್ಲಿ ಹೊರಟುಬಿಡುತ್ತವೆ. ಕ್ರಿಸ್‌ಮಸ್ ರಜೆಗೆ ಬಂದ ಮಕ್ಕಳು ಬಂದೊಡನೆ ಕೇಳಿದ್ದು ಒಂದೇ ಮಾತು: “ದೊಡ್ಡಪ್ಪಾ, ಇಲ್ಲಿ ಮರುಭೂಮಿ ಇಲ್ಲವೇ?”

ಮರುಭೂಮಿಯಿಲ್ಲ. ಆದರೆ ಶಹಾಪುರ, ಸುರಪುರಗಳ ನಡುವಿನ ಬಂಡೆಗುಡ್ಡಗಳ ನಾಡು ಒಣನಾಡಂತೂ ಹೌದು. ಕೃಷ್ಣೆಯ ಕಾಲುವೆ ಹರಿದ ಕಡೆ ಬತ್ತದ ಹಸಿರು. ಹರಿಯದ ಕಡೆ ಕಲ್ಲು, ಜಾಲಿ, ಎರೆಹೊಲ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಸಂಸಾರ ಸಮೇತ ಬಯಲಿಗೆ ಹೋಗುವುದಾದರೆ ಡಿಸೆಂಬರ್, ಜನವರಿಗಳೇ ಸರಿಯಾದ ಕಾಲ.

ತಮ್ಮನ ಮನಸ್ಸಿನಲ್ಲಿದ್ದುದು ನಾರಾಯಣಪುರದ ಕೆಳಗಿನ ಕೃಷ್ಣೆಯ ಮರಳು. ನಾಲ್ಕೂ ಚಕ್ರಗಳಿಗೆ ಬಲ ಸಾಗಿಸುವ ಜೀಪು ನನ್ನ ಗೆಳೆಯನಲ್ಲಿತ್ತು, ನನ್ನಲ್ಲೂ ಒಂದು ಹಳೆಯದಿತ್ತು. ಚಕ್ರದ ಗಾಳಿ ಸ್ವಲ್ಪ ಇಳಿಸಿದರೆ ಮರಳಿನ ಮೇಲೆ ಹೇಗೆ ತೇಲಿಹೋಗಬಹುದೆಂದು ಅವನು ಬಹಳ ಉತ್ಸಾಹದಿಂದ ವಿವರಿಸಿದ. ನಾನು ಒಪ್ಪಲಿಲ್ಲ. ಬಸವಸಾಗರದ ಗೇಟು ಎತ್ತಿದರೆ ತಲೆಯ ಮೇಲೆ ಒಂದು ತುಂಡು ಮೋಡವಿಲ್ಲದಿದ್ದರೂ ಹೊಳೆ ಏರುತ್ತದೆ. ಮಲಗಿದ ಮಕ್ಕಳನ್ನು ಕತ್ತಲಲ್ಲಿ ಹೊತ್ತು ಓಡುವಂತಹ ಜಾಗ, ಎಷ್ಟೇ ಚೆಲುವಾಗಿದ್ದರೂ, ಮನೆಮಂದಿಯ ಜಾಗವಲ್ಲ.

ಇನ್ನೊಂದು ವಾದ ಅವ್ವನ ಕುರಿತಾದದ್ದು. ಅವಳಿಗೆ ಎಪ್ಪತ್ತಾರು ವರ್ಷ, ರಕ್ತದೊತ್ತಡದ ಮಾತ್ರೆ, ಮೊಣಕಾಲಿನ ನೋವು. ಅವಳನ್ನು ಅಕ್ಕನ ಮನೆಯಲ್ಲಿ ಬಿಟ್ಟುಹೋಗುವುದೇ ಲೇಸೆಂದು ಎಲ್ಲರೂ ಮೆತ್ತಗೆ ಮಾತಾಡಿಕೊಳ್ಳುತ್ತಿದ್ದಾಗ ಅವಳು ಒಳಗಿನಿಂದಲೇ ಹೇಳಿದಳು: “ನಾ ಹುಡುಗಿ ಇದ್ದಾಗ ರಾಶಿ ಕಾಯಾಕ ಕಣದಾಗ ತಿಂಗಳಗಟ್ಟಲೆ ಮಲಗೀನಿ. ನಿಮಗ ಏನು ಗೊತ್ತೈತಿ ಬಯಲು?” ಯಾರೂ ಮರುಮಾತಾಡಲಿಲ್ಲ. ಅಂದಿನಿಂದ ಯೋಜನೆಯೆಲ್ಲ ಅವ್ವನನ್ನೂ ತಮ್ಮನ ನಾಲ್ಕು ವರ್ಷದ ಮಗಳನ್ನೂ ನಡುವಿಟ್ಟುಕೊಂಡೇ ಸಾಗಿತು. ದಿನಕ್ಕೊಂದು ಜಾಗವೆಂಬುದು ಬೇಡ, ಎರಡು ರಾತ್ರಿಯೂ ಒಂದೇ ಕಡೆ. ನಡುರಾತ್ರಿ ಎದ್ದು ಹೊರಟರೂ ಒಂದು ಗಂಟೆಯೊಳಗೆ ಆಸ್ಪತ್ರೆ ಸೇರುವಷ್ಟು ಹತ್ತಿರ. ಹಾವಿನ ವಿಷಕ್ಕೆ ಮದ್ದು ಯಾವ ಆಸ್ಪತ್ರೆಯಲ್ಲಿದೆಯೆಂದು ಹೊರಡುವ ಮೊದಲೇ ಫೋನು ಮಾಡಿ ಕೇಳಿಕೊಂಡೆ. ಬಂಡೆಗಳ ಸಂದಿಯಲ್ಲಿ ಕೊಳಕುಮಂಡಲ ಇರುವ ಸೀಮೆಯಿದು. ಆದುದರಿಂದ ಡೇರೆ ಬಂಡೆಯ ನೆರಳಿನಲ್ಲಲ್ಲ, ತೆರೆದ ನೆಲದಲ್ಲಿ.

ನೀರಿನ ವಿಷಯದಲ್ಲಿ ನಾನು ಜಿಪುಣನಲ್ಲ. ಹತ್ತು ಜನಕ್ಕೆ, ಕುಡಿಯಲು ಮತ್ತು ಅಡಿಗೆಗೆ, 20 ಲೀಟರಿನ ಎಂಟು ಕ್ಯಾನು. ಅವನ್ನು ಎರಡೂ ಜೀಪುಗಳಿಗೆ ಹಂಚಿದೆವು. ಒಂದು ಕೆಟ್ಟು ನಿಂತರೂ ಇನ್ನೊಂದರಲ್ಲಿ ನೀರಿರಬೇಕು. ಬುತ್ತಿಯ ಚಿಂತೆಯನ್ನು ನಮ್ಮ ಹಿರಿಯರು ಎಂದೋ ನೀಗಿಸಿಟ್ಟಿದ್ದಾರೆ: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ವಾರ ಕಳೆದರೂ ಕೆಡದ ಆ ರೊಟ್ಟಿಗೆ ಸಮನಾದದ್ದು ಕುವೈತಿನ ಯಾವ ಅಂಗಡಿಯಲ್ಲೂ ಇಲ್ಲವೆಂದು ತಮ್ಮನೇ ಒಪ್ಪಿಕೊಂಡ.

ದಾರಿಯಲ್ಲಿ ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ಮಕ್ಕಳಿಗೆ ತೋರಿಸಿ, ವಿಭೂತಿಹಳ್ಳಿಯ ಸಾಲುಗಲ್ಲುಗಳ ನಡುವೆ ಒಂದಿಷ್ಟು ಹೊತ್ತು ಕಳೆದೆವು. ಪ್ರಾಚೀನರು ಗುಂಡುಗಳನ್ನು ಅಷ್ಟು ಅಚ್ಚುಕಟ್ಟಾಗಿ ಸಾಲು ಹಿಡಿದು ಏಕಿಟ್ಟರೋ! ಸಂರಕ್ಷಿತ ಸ್ಥಳವಾದ್ದರಿಂದ ಅಲ್ಲಿ ಒಲೆ ಹೂಡುವ ಮಾತೇ ಇಲ್ಲ. ಈ ಕಲ್ಲುಗಳನ್ನು ಕುರಿತು ಬರೆದ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರದಲ್ಲಿದ್ದವನು. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಸುರಪುರದ ಗುಡ್ಡದ ಮೇಲಿದೆ. ಅವನ ಕಾಲದ ಅಧಿಕಾರಿಗಳಿಗೆ ಡೇರೆಯೇ ಕಚೇರಿ, ಡೇರೆಯೇ ಮನೆ.

ಡೇರೆಯ ಬಾಳು ಈ ನೆಲಕ್ಕೆ ಅದಕ್ಕಿಂತಲೂ ಎಷ್ಟೋ ಹಳೆಯದು. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಉತ್ಖನನ ನಡೆಸಿದಾಗ, ಅಲ್ಲಿನ ಬೂದಿದಿಬ್ಬ ಸುಮಾರು 4000 ವರ್ಷಗಳ ಹಿಂದೆ ದನಗಾಹಿಗಳು ದೊಡ್ಡಿ ಕಟ್ಟಿ ಸಗಣಿಯನ್ನು ಸುಟ್ಟ ಗುರುತೆಂಬುದು ದೃಢಪಟ್ಟಿತು. ಹುಣಸಗಿಯ ಕಣಿವೆಯಲ್ಲಂತೂ ಲಕ್ಷಾಂತರ ವರ್ಷಗಳ ಹಿಂದಿನ ಕಲ್ಲಿನ ಆಯುಧಗಳಿವೆ. ಆ ಆದಿಮಾನವರು ಬೇಸಿಗೆಯಲ್ಲಿ ಒರತೆಗಳ ಬಳಿ ಕೂಡಿಕೊಂಡು, ಮಳೆಗಾಲದಲ್ಲಿ ಚದುರಿಹೋಗುತ್ತಿದ್ದರೆಂದು ಅವರು ಬರೆದಿದ್ದಾರೆ. ನೀರು ನೋಡಿ ಬಿಡಾರ ಹೂಡುವುದನ್ನು ಯಾವ ಪುಸ್ತಕವೂ ಅವರಿಗೆ ಕಲಿಸಿರಲಿಲ್ಲ.

ಪರಿಚಿತ ರೈತರೊಬ್ಬರ ತೊಗರಿ ಹೊಲದಲ್ಲಿ ಬಿಡಾರಕ್ಕೆ ಮೊದಲೇ ಒಪ್ಪಿಗೆ ಪಡೆದಿದ್ದೆವು. ನಮ್ಮ ನಾಡಿನಲ್ಲಿ ಯಾರದೂ ಅಲ್ಲದ ಬಯಲೆಂಬುದಿಲ್ಲ; ಗುಡ್ಡಕ್ಕೂ ಕುರಿಗಾಹಿಯಿದ್ದಾನೆ, ಕೆರೆಗೂ ಊರಿದೆ. ಕೇಳಿಯೇ ಇಳಿಯಬೇಕು. ಫಸಲು ತೆಗೆದಿದ್ದ ಆ ಹೊಲ ರಸ್ತೆಯಿಂದ ಕೆಳಗೆ ಅರ್ಧ ಕಿಲೋಮೀಟರು. ಇಳಿಯುವ ತಿರುವಿನಲ್ಲಿ ಕುರಿಮಂದೆಯೊಂದು ತಂಗಿತ್ತು. ಬಲೆಯ ಬೇಲಿ, ಮೂರು ಕಲ್ಲಿನ ಒಲೆ, ಕಂಬಳಿಯೊಳಗೆ ಒಂದು ಹಸುಗೂಸು; ಇಡೀ ಸಂಸಾರ. ಹಿರಿಯರು ಎದ್ದು ಬಂದು ಜೀಪಿಗೆ ಕೈಯೊಡ್ಡಿದರು.

“ಎರಿ ಹೊಲಕ್ಕ ಇಳಿಸಬ್ಯಾಡ್ರಿ ಸರ. ಮೂಡಗಡಿ ಮಾಡ ಕಟ್ಟೈತಿ. ರಾತ್ರಿ ನಾಕ ಹನಿ ಬಿದ್ರೂ ಗಾಡಿ ಅಲ್ಲೇ ಕೂತೀತು.”

ಡಿಸೆಂಬರಿನಲ್ಲಿ ಮಳೆ ಅಪರೂಪ. ಆದರೆ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಅದರ ಅಂಚು ಇಲ್ಲಿಗೂ ತಾಕುತ್ತದೆ. ಎರೆಮಣ್ಣಿನ ಗುಣವೇ ಬೇರೆ. ಒಣಗಿದಾಗ ಬಿರಿದು ಕಲ್ಲಾಗುತ್ತದೆ, ನೆನೆದರೆ ಉಬ್ಬಿ ಅಂಟಾಗುತ್ತದೆ. ಚಕ್ರಕ್ಕೆ ಸುತ್ತಿಕೊಂಡು ಮಡ್‌ಗಾರ್ಡಿನೊಳಗೆ ತುಂಬಿ, ಕೊನೆಗೆ ಚಕ್ರವೇ ತಿರುಗದಂತೆ ಮಾಡುತ್ತದೆ. ನಾಲ್ಕೂ ಚಕ್ರಗಳಿಗೆ ಬಲವಿದ್ದರೆ ನಾಲ್ಕೂ ಒಟ್ಟಿಗೆ ಜಾರುತ್ತವೆ, ಅಷ್ಟೇ. ಜಾಕ್ ಕೂಡ ಮಣ್ಣಿನೊಳಗೆ ಇಳಿಯುತ್ತದೆ. ಅದರಡಿಗೆಂದೇ ನಾವು ಹಲಗೆ ತಂದಿದ್ದೆವು.

ತಮ್ಮ ಆಕಾಶವನ್ನೂ ಮೊಬೈಲನ್ನೂ ನೋಡಿದ. ಮಳೆಯ ಸೂಚನೆಯಿರಲಿಲ್ಲ. “ಅಣ್ಣಾ, ಇಂಥ ಜೀಪು ಇರುವುದೇ ಇಂಥ ಕಡೆಗೆ ಅಲ್ಲವೇ?” ಎಂದ. ಮಕ್ಕಳು ಅವನ ಕಡೆ. ನಾನು ಹಿಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ನಿದ್ದೆ ಹೋಗಿದ್ದ ಕೂಸನ್ನು ನೋಡಿದೆ. ಜೀಪು ರಸ್ತೆಯಂಚಿನ ಮಸಾರಿ ದಿಬ್ಬಕ್ಕೆ ಏರಿತು, ಮೂತಿ ರಸ್ತೆಯ ಕಡೆಗೆ. ಮಂದೆಯ ಹಿರಿಯರು ಹೊಲದೊಡೆಯರಿಗೆ ತಾವೇ ಫೋನಿನಲ್ಲಿ ಹೇಳಿ ಒಪ್ಪಿಸಿದರು.

ಆ ರಾತ್ರಿ ಮಳೆ ಬರಲಿಲ್ಲ. ಮರುರಾತ್ರಿಯೂ ಬರಲಿಲ್ಲ. ಮೋಡ ಸರಿದು ನಕ್ಷತ್ರಗಳು ತುಂಬಿಕೊಂಡವು. ಲಾರಿಗಳ ಸದ್ದು ಮಾತ್ರ ಆಗಾಗ ಕೇಳಿಸುತ್ತಿತ್ತು. ಕೆಳಗಿನ ಹೊಲದಲ್ಲಿ ಆ ಸದ್ದೂ ಇರುತ್ತಿರಲಿಲ್ಲವೆಂದು ತಮ್ಮ ಎರಡು ಸಲ ಹೇಳಿದ. ಅವನ ಮಾತು ನಿಜ. ನಾನು ಹಾಯಾಗಿ ನಿದ್ದೆ ಮಾಡಿದ್ದೂ ನಿಜ. ನಮ್ಮಿಬ್ಬರ ಆ ಚರ್ಚೆ ಇನ್ನೂ ಮುಗಿದಿಲ್ಲ, ಫೋನಿನಲ್ಲಿ ನಡೆದೇ ಇದೆ.

ಎರಡನೆಯ ಸಂಜೆ ಅವ್ವ ಮಂದೆಯ ಹೆಂಗಸರ ಜೊತೆ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಕೂಸು ಕುರಿಮರಿಯೊಂದನ್ನು ಅಪ್ಪಿಕೊಂಡು, ಕುವೈತಿಗೆ ಒಯ್ಯುತ್ತೇನೆಂದು ಹಠ ಹಿಡಿಯಿತು. ಅವ್ವನ ದೂರು ಒಂದೇ: ನೆಲದ ಹಾಸಿಗೆಯಿಂದ ಏಳಲು ಇಬ್ಬರು ಕೈ ಹಿಡಿಯಬೇಕಾಯಿತು. ಮುಂದಿನ ಡಿಸೆಂಬರಿಗೆ ಹಗ್ಗದ ಮಂಚ ಬೇಕಂತೆ. ಚೇಳು, ಹಾವುಗಳ ಲೆಕ್ಕದಲ್ಲೂ ಅದು ಒಳ್ಳೆಯದೇ. ಜೀಪಿನ ತಲೆಯ ಮೇಲೆ ಮಂಚ ಕಟ್ಟಿದರೆ ನೀರಿನ ಕ್ಯಾನುಗಳನ್ನು ಎಲ್ಲಿಡಬೇಕೆಂದು ಈಗ ಅಳತೆ ಹಾಕುತ್ತಿದ್ದೇನೆ.